ಗಂಟಲತ್ತೆ ಮತ್ತು ಗಾಜಿನ ಲೋಟ

ಬಿಸಿಲು ಲೋಟದೊಳಗೆ ಹೊಕ್ಕು ಗೋಡೆಯ ಮೇಲೆ ನಡುಗುತ್ತಿದೆ, ಪುಟ್ಟ ಬೆಳಕಿನ ಚೂರು, ತೊಟ್ಟಿಲ ಮೇಲೆ ಹೋಗಿ ಬಂದು, ಹೋಗಿ ಬಂದು — ಅಲ್ಲ, ಲೋಟ ನಡುಗುತ್ತಿಲ್ಲ, ಪರದೆ ಅಲ್ಲಾಡುತ್ತಿದೆ ಅಷ್ಟೇ, ಅಕ್ಕ ಇನ್ನೂ ಅಲ್ಲೇ ಇಟ್ಟಿದ್ದಾಳಲ್ಲ ಆ ಲೋಟವನ್ನು, ಕಿಟಕಿ ಕಟ್ಟೆಯ ಮೇಲೆ, ಕೈಗೆಟಕುವ ಹಾಗೆ, ಅದರಲ್ಲಿ ಯಾರೂ ನೀರು ಕುಡಿಯುವಂತಿಲ್ಲ, ಮೊಮ್ಮಗಳ ಕಾಲಿಗೆ ಸೊಳ್ಳೆ ಕಚ್ಚಿ ಕೆಂಪಾದರೂ ಸಾಕು, ಲೋಟ ಎತ್ತಿ ಚರ್ಮಕ್ಕೆ ಒತ್ತಿ ಗಾಜಿನೊಳಗಿಂದ ನೋಡುತ್ತಾಳೆ, ಒತ್ತಿದಾಗ ಕೆಂಪು ಮಾಯವಾಯಿತೋ, ಸದ್ಯ, ಉಸಿರು ಬಿಡುತ್ತಾಳೆ. ಇವಳು ಸೋಫಾದ ತುದಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಾಳೆ, ನೋಡಬಾರದು ಅಂದುಕೊಂಡೇ ನೋಡುತ್ತಿದ್ದಾಳೆ. ಇವಳ ಮಗಳು ಹೊಸ್ತಿಲಾಚೆ, ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಒರಗಿ ನಿಂತಿದ್ದಾಳೆ, ಹದಿನಾರರ ಹುಡುಗಿ, ನಾನು ಚಿಕ್ಕಮ್ಮ ಆದೆ ಅಂತ ಕ್ಲಾಸಿಗೆಲ್ಲ ಡಂಗುರ ಹೊಡೆದವಳು, ಪಾಪುವನ್ನು ಇವತ್ತಿನವರೆಗೆ ಎತ್ತಿಕೊಂಡಿಲ್ಲ, ದೂರದಿಂದ ಕೈ ಬೀಸುವುದು, ಮುಖ ಸೊಟ್ಟ ಮಾಡಿ ನಗಿಸುವುದು, ಅಷ್ಟೇ, ದೊಡ್ಡಮ್ಮನ ಕಾನೂನು ಅದು, ಮೀಸೆ ಮೂಡೋ ವಯಸ್ಸಿನವರು ಯಾರೂ ಒಳಗೆ ಬರಕೂಡದು. ನನಗೆಲ್ಲಿದೆ ದೊಡ್ಡಮ್ಮ ಮೀಸೆ, ಎಂದು ಮಗಳು ನಕ್ಕಿದ್ದಕ್ಕೆ ಅಕ್ಕ ನಗಲಿಲ್ಲ. ಗಂಟಲು ಇದೆಯಲ್ಲ, ಅಂದಿದ್ದಳು. ಈಗ ಅಕ್ಕ ಪಾಪುವಿನ ಬಟ್ಟೆ ಮಡಚುತ್ತಾ, ತಲೆ ಎತ್ತದೆ, ಲ್ಯಾಬಿನಲ್ಲಿ ಏನು ಬಂತೇ, ಇವತ್ತು ಗೊತ್ತಾಗುತ್ತೆ ಅಂದಿದ್ದೆಯಲ್ಲ, ಇವಳ ಗಂಟಲು ಸರಿ ಇದೆ ತಾನೆ? ಇದೆ ಅಕ್ಕ, ಅಂದುಬಿಟ್ಟರೆ ಆಯಿತು, ಸುಳ್ಳೇನಲ್ಲ, ಮಗಳು ಒಳಗೆ ಓಡಿಬರುತ್ತಾಳೆ, ಆದರೆ ಅಷ್ಟೇ ಹೇಳಿದರೆ ಸಾಲದು.

ಬಾಯಿ ತೆಗಿ, ಆ ಅನ್ನು, ಇನ್ನೂ ದೊಡ್ಡದಾಗಿ, ಅಯ್ಯೋ ಮಾರಾಯ, ಹಲ್ಲುಜ್ಜೋದು ಯಾವಾಗಿಂದ ಬಿಟ್ಟೆ — ಗಂಟಲು ಪರೀಕ್ಷೆಗೆಂದು ಶಾಲೆ ಲ್ಯಾಬಿನವರಿಗೆ ಕೊಟ್ಟ ಆ ಪುಟ್ಟ ಕೋಣೆ, ಬೆಂಚಿನ ಮೇಲೆ ಸಾಲಾಗಿ ಕೂತು ಒಬ್ಬರನ್ನೊಬ್ಬರು ತಿವಿಯುತ್ತಿರುವ ದೊಡ್ಡ ಹುಡುಗರು, ಉದ್ದ ಕಡ್ಡಿಯ ಹತ್ತಿ ಹಿಡಿದ ಇವಳ ಕೈ, ಕಿರುನಾಲಗೆಯ ಹಿಂದೆ ಒಂದು ಸವರು, ಓಕ್ ಎಂದು ಕಣ್ಣಲ್ಲಿ ನೀರು, ಮುಗೀತು ಎದ್ದೇಳು, ಮುಂದಿನವರು ಬನ್ನಿ. ಗಂಟಲತ್ತೆ ಬಂದಳು ಓಡ್ರೋ ಎಂದು ಕಾರಿಡಾರಿನಲ್ಲಿ ಕೂಗುತ್ತಾರೆ, ಹೆಸರು ಇಟ್ಟವಳು ಸ್ವಂತ ಮಗಳೇ, ಮನೆಹಾಳಿ. ಈ ವಯಸ್ಸಿನವರ ಗಂಟಲು ಅಂದರೆ ಬಸ್ ಸ್ಟ್ಯಾಂಡು, ಒಂದೇ ಬಾಟಲಿಗೆ ಇಡೀ ತಂಡ ಬಾಯಿ ಹಚ್ಚುತ್ತದೆ, ಮುತ್ತು ಕೊಡುವ ಸಂಭ್ರಮ ಬೇರೆ, ಮಿದುಳು ಜ್ವರದ ಆ ರೋಗಾಣು ಒಬ್ಬರಿಂದ ಇಳಿದು ಇನ್ನೊಬ್ಬರಿಗೆ ಹತ್ತುತ್ತದೆ, ಹೊತ್ತವರಿಗೆ ಕೆಮ್ಮೂ ಇಲ್ಲ ನೆಗಡಿಯೂ ಇಲ್ಲ, ಸುಮ್ಮನೆ ಮಲಗಿರುತ್ತದೆ, ಎಲ್ಲೋ ಅಪರೂಪಕ್ಕೆ ಒಬ್ಬರ ರಕ್ತಕ್ಕೆ ಇಳಿಯುತ್ತದೆ — ಅಕ್ಕನ ಮಗನಿಗೆ ಇಳಿದ ಹಾಗೆ, ಬೆಳಿಗ್ಗೆ ಜ್ವರ, ಆಟ ಆಡಿ ಸುಸ್ತು ಬಿಡು ಅಂದೆವು, ಮಧ್ಯಾಹ್ನ ಚಿಕ್ಕಮ್ಮ ಬೆಳಕು ಕಣ್ಣಿಗೆ ಚುಚ್ಚುತ್ತೆ ಪರದೆ ಎಳಿ ಅಂದ, ಸಂಜೆಗೆ ತೊಡೆಯ ಮೇಲೆ ನೇರಳೆ ಚುಕ್ಕೆ, ಅಡುಗೆಮನೆಯಿಂದ ಲೋಟ ತಂದು ಒತ್ತಿದವಳು ಇವಳೇ, ಚುಕ್ಕೆ ಹೋಗಲಿಲ್ಲ, ಗಾಜಿನ ತಳದಲ್ಲಿ ಹಾಗೇ ನಿಂತಿತ್ತು, ಇನ್ನೊಂದು ಸಲ ಒತ್ತು, ಸರಿಯಾಗಿ ಒತ್ತೇ, ಅಕ್ಕ ಕೂಗುತ್ತಿದ್ದಳು, ಒತ್ತಿದಳು, ಹೋಗಲಿಲ್ಲ, ಆಸ್ಪತ್ರೆಗೆ ಹೋದವರು ಅವನಿಲ್ಲದೆ ವಾಪಸು ಬಂದರು, ಲೋಟ ಮಾತ್ರ ಮಂಚದ ಮೇಲೇ ಬಿದ್ದಿತ್ತು. ಬೇಡ, ಅದು ಬೇಡ ಈಗ. ನಗು ಬರುವುದನ್ನು ನೆನೆ — ಹೋದ ವರ್ಷ, ಮಿದುಳು ಜ್ವರದ ಲಸಿಕೆಯ ಸೂಜಿ ಚುಚ್ಚುವ ಮುಂಚೆ ಎಲ್ಲರ ಗಂಟಲ ಸವರು ತೆಗೆಯಬೇಕಿತ್ತಲ್ಲ, ಸಾಲಿನಲ್ಲಿ ಮಗಳ ಸರದಿ ಬಂತು, ಊರ ಮಕ್ಕಳಿಗೆಲ್ಲ ಓಕ್ ಅನ್ನಿಸಿದ ಕೈ ಸ್ವಂತ ಮಗಳ ಬಾಯಲ್ಲಿ ಮೆತ್ತಗಾಯಿತು, ಸಾಕು ಚಿನ್ನ ಮುಗೀತು ಅಂದಳು, ಲ್ಯಾಬಿನಲ್ಲಿ ರೋಗಾಣು ಬೆಳೆಸಲೆಂದು ರಕ್ತ ಬೆರೆಸಿದ ಕಂದು ತಟ್ಟೆಗೆ ಸವರಿಟ್ಟಳು, ಮಾರನೇ ದಿನ ತೆಗೆದು ನೋಡಿದರೆ ರೋಗಾಣುವಿನ ಸುಳಿವೇ ಇಲ್ಲ, ಒಳಗೊಳಗೇ ಹಿಗ್ಗಿದಳು, ಹಿಂದಿನಿಂದ ಬಗ್ಗಿ ನೋಡಿದ ಹಿರಿಯ ಮೇಡಂ ಕನ್ನಡಕ ಏರಿಸಿ, ಏನ್ರೀ ಇದು, ನಾಲಗೆ ಬೆಳೆಸಿದ್ದೀರಾ, ಇದು ಗಂಟಲೇ ಅಲ್ಲ, ನಿಮ್ಮ ಮಗಳದ್ದಾ ಇದು, ಹಾಗಾದ್ರೆ ಸರಿ ಬಿಡಿ, ನಾಳೆ ನಾನೇ ತೆಗೀತೀನಿ, ನಿಮ್ಮಂಥ ಅಮ್ಮಂದಿರಿಂದ ಆಗೋ ಕೆಲಸ ಅಲ್ಲ. ಮೇಡಂ ತೆಗೆದರು, ಮಗಳು ಓಕ್ ಅಂದಳು, ತಟ್ಟೆಯಲ್ಲಿ ಬೂದು ಬಣ್ಣದ ನಯವಾದ ಹನಿಗಳು ಎದ್ದವು, ಅಕ್ಕನ ಮಗನನ್ನು ಕರೆದೊಯ್ದ ಅದೇ ಬಗೆ. ಅಕ್ಕನಿಗೆ ಮುಚ್ಚಿಡಲು ಆಗಲಿಲ್ಲ, ಹೇಳಿಬಿಟ್ಟಳು, ಪಾಪು ಹುಟ್ಟಿದ ದಿನದಿಂದ ಹೊಸ್ತಿಲು ಗಡಿಯಾಯಿತು.

ಯಾಕೆ ಸುಮ್ಮನಾದೆ, ಸರಿ ಇಲ್ವಾ? ಅಕ್ಕನ ಕೈಯಲ್ಲಿ ಪುಟ್ಟ ಕುಲಾವಿ, ಮಡಚುವುದು ನಿಂತಿದೆ. ಸರಿ ಇದೆ ಅಕ್ಕ, ಈ ಸಲವೂ ಮೇಡಮ್ಮೇ ತೆಗೆದಿದ್ದು, ಏನೂ ಇಲ್ಲ — ಆದರೆ ಅದನ್ನ ನಂಬಬೇಡ. ಹೊಸ್ತಿಲಲ್ಲಿ ಮಗಳು ಹಣೆ ಹಣೆ ಚಚ್ಚಿಕೊಳ್ಳುತ್ತಾಳೆ, ಅಮ್ಮಾ, ಇದ್ದದ್ದನ್ನ ಕೆಡಿಸ್ತಿದ್ದೀಯಾ. ಇರು ಕಣೇ ಮಾತಾಡ್ತಿದ್ದೀನಿ. ಹೇಗೆ ಹೇಳುವುದು, ಲ್ಯಾಬಿನ ಭಾಷೆ ಅಕ್ಕನಿಗೆ ಬೇಡ, ಇವತ್ತಿನ ಗಂಟಲು ಇವತ್ತಿಗೆ ಮಾತ್ರ ಅಕ್ಕ, ನಾಳೆ ಇವಳಿಗೆ ಹತ್ತಬಹುದು, ವಾರಕ್ಕೊಮ್ಮೆ ಸವರಿಸಿ ಕಾಯೋಕಾಗಲ್ಲ, ಆದರೆ ಹತ್ತೋಕೆ ಎಲ್ಲಿಂದ ಬರಬೇಕು ಹೇಳು? ಇಡೀ ಶಾಲೆಗೆ ಸೂಜಿ ಆಗಿದೆ, ಪಕ್ಕದ ಶಾಲೆಗೂ ಆಗಿದೆ, ಹೋದ ವರ್ಷ ತಟ್ಟೆ ಇಡೋ ಬೆಚ್ಚನೆ ಪೆಟ್ಟಿಗೆ ತೆಗೆದರೆ ಸಾಕು ತಟ್ಟೆ ತಟ್ಟೆಯಲ್ಲೂ ಆ ಬಗೆ ಕಾಣ್ತಿತ್ತು, ಈ ವರ್ಷ ಹುಡುಕಿ ಹುಡುಕಿ ಕಣ್ಣು ನೋವು ಬಂತು, ಎಲ್ಲೋ ಒಂದೊಂದು, ಹೊತ್ತವರೇ ಕಮ್ಮಿ ಆದರೆ ಹಂಚೋರು ಯಾರು, ನಿನ್ನ ಮೊಮ್ಮಗಳಿಗೆ ಇನ್ನೂ ಸೂಜಿ ಆಗಿಲ್ಲ ನಿಜ, ಅವಳ ಪಾಲಿನದ್ದನ್ನ ಆ ಹುಡುಗರು ತೋಳು ಕೊಟ್ಟು ಚುಚ್ಚಿಸಿಕೊಂಡಿದ್ದಾರೆ ಅಂದುಕೋ. ಹಾಗಾದ್ರೆ ಇನ್ನು ಯಾರಿಗೂ ಬರಲ್ವಾ? ಈ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. ಹಾಗೆ ಹೇಳಲ್ಲ ಅಕ್ಕ, ಬೇರೆ ಬಗೆನೂ ಇದೆ, ಅದರ ಸೂಜಿ ಚುಚ್ಚಿಸಿಕೊಂಡವರನ್ನ ಕಾಯುತ್ತೆ, ಗಂಟಲನ್ನ ಗುಡಿಸಲ್ಲ, ಆಗ ಹಂಚೋದು ನಿಲ್ಲಲ್ಲ, ಜ್ವರ ಬಂದರೆ ನೀನು ಲೋಟ ಒತ್ತಿ ನೋಡು, ನಾನೂ ಓಡಿ ಬರ್ತೀನಿ, ಆದರೆ ಅವನನ್ನು ಕರಕೊಂಡು ಹೋದದ್ದು ಈಗ ಈ ಬೀದಿಗಳಲ್ಲಿ ಜಾಗ ಸಿಗದೆ ಅಲೀತಿದೆ ಕಣೇ. ಕಣೇ ಅಂದುಬಿಟ್ಟಳೇ ಅಕ್ಕನಿಗೆ, ಸಣ್ಣವರಿದ್ದಾಗ ಜಗಳದಲ್ಲಿ ಅನ್ನುತ್ತಿದ್ದ ಹಾಗೆ, ಕಣ್ಣು ತುಂಬಿ ಬಂದಿದೆ, ಇಷ್ಟು ವರ್ಷ ಊರ ಮಕ್ಕಳ ಬಾಯಿಗೆ ಕಡ್ಡಿ ಹಾಕಿದ್ದು ಈ ಒಂದು ಮಾತು ಈ ಒಬ್ಬಳಿಗೆ ಹೇಳಲಿಕ್ಕೇ ಅಲ್ಲವೇ.

ಅಕ್ಕ ಕುಲಾವಿ ಮಡಚಿ ಇಡುತ್ತಾಳೆ, ಏಳುತ್ತಾಳೆ, ಕಿಟಕಿಯ ಹತ್ತಿರ ಹೋಗುತ್ತಾಳೆ, ಗೋಡೆಯ ಮೇಲಿನ ಬೆಳಕಿನ ಚೂರು ಥಟ್ಟನೆ ಇಲ್ಲ, ಲೋಟ ಅಕ್ಕನ ಕೈಯಲ್ಲಿ, ಪಾಪುವಿಗೆ ಏನಾಯಿತು, ಎಲ್ಲಿ ಕೆಂಪು — ಇಲ್ಲ, ತೊಟ್ಟಿಲು ದಾಟಿ ಅಡುಗೆಮನೆಗೆ, ನಲ್ಲಿಯ ಸದ್ದು, ನೀರು ತುಂಬುವ ಸದ್ದು. ಬಿಸಿಲಲ್ಲಿ ಬಂದಿದ್ದೀಯ, ಬಾಗಿಲಲ್ಲಿ ಏನು ಕಂಬದ ಹಾಗೆ ನಿಂತಿದ್ದೀಯ, ಒಳಗೆ ಬಾ, ಮೊದಲು ನೀರು ಕುಡಿ, ಕೈ ತೊಳಿ, ಆಮೇಲೆ ಎತ್ತಿಕೋ, ಕತ್ತಿನ ಕೆಳಗೆ ಕೈ ಕೊಟ್ಟು ಹುಷಾರಾಗಿ. ಆ ಲೋಟದಲ್ಲಾ ದೊಡ್ಡಮ್ಮ? ಲೋಟ ಇರೋದು ಮತ್ಯಾಕೆ, ಕುಡಿ ಸುಮ್ಮನೆ. ಮಗಳು ಹೊಸ್ತಿಲು ದಾಟಿದ್ದಾಳೆ, ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯುತ್ತಿದ್ದಾಳೆ, ಅಕ್ಕ ನೋಡುತ್ತಿದ್ದಾಳೆ, ಇವಳು ನೋಡುತ್ತಿದ್ದಾಳೆ, ಗಾಜಿಗೆ ಒತ್ತಿದ ಹುಡುಗಿಯ ತುಟಿ, ಒತ್ತಿದಲ್ಲಿ ಬೆಳ್ಳಗೆ, ಲೋಟ ತೆಗೆದರೆ ಕೆಂಪು, ಮತ್ತೆ ಒತ್ತಿದರೆ ಬೆಳ್ಳಗೆ, ತೆಗೆದರೆ ಕೆಂಪು, ಗಾಜು, ತುಟಿ, ಬೆಳ್ಳಗೆ, ಮತ್ತೆ ಕೆಂಪು