ಗುಳಿಗಿ ಖರ್ಚಾಗ್ಯಾವ

ಸರೋಜಾ ಅಜ್ಜಿ ಧಾರವಾಡದಿಂದ ಪರದೇಶಕ್ಕೆ, ಆಂಗ್ ಮೋ ಕಿಯೋದ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮೊಮ್ಮಗಳು ವರ್ಣಿಕಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹತ್ತೊಂಬತ್ತರ ಆ ಹುಡುಗಿಯ ಕನ್ನಡ ಅಡುಗೆಮನೆಯಿಂದ ಊಟದ ಮೇಜಿನವರೆಗೆ ಸಲೀಸಾಗಿ ಓಡಾಡುತ್ತಿತ್ತು. ಹೊಸ್ತಿಲು ದಾಟಿದರೆ ಕುಂಟುತ್ತಿತ್ತು. ಅಜ್ಜಿಯ ಧಾರವಾಡದ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಊಹಿಸುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆಯೂ ಊಹಿಸಿದ್ದಳು. ಅಜ್ಜಿ ಔಷಧಿಯ ಡಬ್ಬಿ ಹಿಡಿದು ಬಂದು, “ವರ್ಣಿ, ಗುಳಿಗಿ ಖರ್ಚಾಗ್ಯಾವ ನೋಡು. ನಿಮ್ಮಪ್ಪಗ ಹೇಳು,” ಅಂದಿದ್ದಳು. ವರ್ಣಿಕಾ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಖರ್ಚು ಎಂದರೆ ದುಡ್ಡು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಅಗ್ಗದ ತಿನಿಸಿನಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿ ಕುಡಿದರೂ ರೂಪಾಯಿಗೆ ತಿರುಗಿಸಿ “ಅಯ್ಯ, ಎಷ್ಟು ತುಟ್ಟಿ!” ಎಂದು ಬಾಯಿ ಬಡಿದುಕೊಳ್ಳುವ ಅಜ್ಜಿ, ಈಗ ಮಾತ್ರೆಯ ಬೆಲೆಗೂ ಕೊರಗುತ್ತಿದ್ದಾಳೆ ಅಂದುಕೊಂಡಳು.

“ಖರ್ಚಾದ್ರೆ ಪರವಾಗಿಲ್ಲ ಅಜ್ಜಿ, ಡ್ಯಾಡಿ ನೋಡ್ಕೋತಾರೆ,” ಎಂದು ಕಾಲರ್ ತಿರುವಿ ಹಾಕಿದಳು. ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳುವಂಥದ್ದೇನೂ ಅದರಲ್ಲಿ ಅವಳಿಗೆ ಕಾಣಲಿಲ್ಲ.

ಬುಧವಾರ ಮಧ್ಯಾಹ್ನ ಊಟ ಮುಗಿದಿತ್ತು. ಅಜ್ಜಿ ಕಿಟಕಿಯ ಪಕ್ಕ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದಳು. ಮಾತು ನಡುವೆಯೇ ನಿಂತಿತು. ವರ್ಣಿಕಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. ಅಜ್ಜಿಯ ಬಲಗೈಯಿಂದ ಸೊಪ್ಪಿನ ಕಡ್ಡಿ ಜಾರಿತ್ತು. ಬಾಯಿಯ ಒಂದು ಮಗ್ಗುಲು ಜೋತುಬಿದ್ದಿತ್ತು. ಏನೋ ಹೇಳಲು ಹೋಗಿ “ಬ... ಬ...” ಎಂದಷ್ಟೇ ಆಯಿತು. ಕಣ್ಣು ಮಾತ್ರ ಎಚ್ಚರವಾಗಿದ್ದವು, ಬಾವಿಗೆ ಬಿದ್ದವರ ಕಣ್ಣಿನ ಹಾಗೆ.

“ಅಜ್ಜಿ? ಅಜ್ಜಿ!”

ಎರಡು ಗಂಟೆ ಹತ್ತು ನಿಮಿಷ. ಆಂಬುಲೆನ್ಸಿಗೆ ಫೋನ್ ಮಾಡುವಾಗ ನಂಬರು ಎರಡು ಸಲ ತಪ್ಪಿತು. ಅಮ್ಮ ಆಫೀಸಿನ ಕೆಲಸದ ಮೇಲೆ ವಿಮಾನದಲ್ಲಿದ್ದಳು. ಅಪ್ಪ ಕೇಶವ ಪಾಸಿರ್ ಪಂಜಾಂಗಿನ ಕಂಟೇನರ್ ಟರ್ಮಿನಲ್ಲಿನಲ್ಲಿ ಪಾಳಿಯಲ್ಲಿದ್ದ. ಕೆಲಸದ ಹೊತ್ತಿನಲ್ಲಿ ಅವನ ಫೋನು ಲಾಕರಿನಲ್ಲಿರುತ್ತಿತ್ತು. ಆಫೀಸಿಗೆ ಸುದ್ದಿ ಮುಟ್ಟಿಸಿ, ಔಷಧಿಯ ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು, ವರ್ಣಿಕಾ ಸ್ಟ್ರೆಚರಿನ ಹಿಂದೆ ಲಿಫ್ಟಿನಲ್ಲಿ ಇಳಿದಳು. ಕಟ್ಟಡದ ಬುಡದ ತೆರೆದ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಚದುರಂಗ ಆಡುತ್ತಿದ್ದ ಮುದುಕರು ಎದ್ದು ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರ್ ಟಾನ್ ಎಂಬ ಗಿಡ್ಡನೆಯ ಹೆಂಗಸು ಇಂಗ್ಲಿಷಿನಲ್ಲಿ ಸರಸರ ಕೇಳುತ್ತ ಹೋದಳು. ಶುರುವಾದದ್ದು ಎಷ್ಟು ಗಂಟೆಗೆ? ನೀನೇ ನೋಡಿದೆಯಾ? ಯಾವ ಮಾತ್ರೆ ತಗೊಳ್ಳುತ್ತಾರೆ? ಡಬ್ಬಿಯಲ್ಲಿದ್ದ ಮಾತ್ರೆಯ ಬೆಳ್ಳಿಹಾಳೆಯ ಪಟ್ಟಿಯೊಂದನ್ನು ಎತ್ತಿ ಹಿಡಿದು, “ಇದು ರಕ್ತ ತೆಳುಮಾಡುವ ಮಾತ್ರೆ. ದಿನಾ ತಗೊಳ್ಳುತ್ತಾರಾ?” ಅಂದಳು.

“ಹೌದು, ದಿನಾ ಎರಡು ಹೊತ್ತು,” ಅಂದಳು ವರ್ಣಿಕಾ.

ಡಾಕ್ಟರ ಮುಖ ಗಂಟಿಕ್ಕಿತು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಮೆದುಳಿನ ಸಣ್ಣ ನಾಳವೊಂದು ಕಟ್ಟಿಕೊಂಡಿತ್ತು. ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದಕ್ಕೆ ಹೊತ್ತಿನ ಮಿತಿ ಇದೆ. “ಎರಡು ದಿನದೊಳಗೆ ಈ ಮಾತ್ರೆ ನುಂಗಿದ್ದರೆ ಅದನ್ನು ಕೊಡುವ ಹಾಗಿಲ್ಲ. ಮೆದುಳಿನಲ್ಲಿ ರಕ್ತ ಸುರಿದು ಜೀವಕ್ಕೇ ಕುತ್ತು ಬರಬಹುದು. ಕೊಡದಿದ್ದರೆ ಮಾತು, ಬಲಗೈ ವಾಪಸ್ ಬರುವುದು ಕಷ್ಟ.”

ಡಾಕ್ಟರು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ವರ್ಣಿಕಾ ಆಗ ಅದನ್ನು ಮೊದಲ ಸಲ ಸರಿಯಾಗಿ ನೋಡಿದಳು. ಎಲ್ಲ ಗುಳ್ಳೆಗಳೂ ಒಡೆದು ಖಾಲಿಯಾಗಿದ್ದವು. ಡಬ್ಬಿಯಲ್ಲಿ ಬೇರೆ ಪಟ್ಟಿ ಇರಲಿಲ್ಲ.

ಗುಳಿಗಿ ಖರ್ಚಾಗ್ಯಾವ.

ಅಜ್ಜಿ ಬೆಲೆಯ ಮಾತೇ ಆಡಿರಲಿಲ್ಲವೇ? ಅಥವಾ ಬೆಲೆಯ ಮಾತನ್ನೇ ಆಡಿದ್ದು, ಕೊನೆಯ ಗುಳಿಗೆಯನ್ನು ಇವತ್ತು ಬೆಳಿಗ್ಗೆ ನುಂಗಿದ್ದಳೇ? ತಪ್ಪು ಹೇಳಿದರೆ ಅಜ್ಜಿಯನ್ನು ತಾನೇ ಕೊಂದ ಹಾಗೆ. ಹೇಳದಿದ್ದರೂ ಅಷ್ಟೇ.

“ಒಂದ್ ನಿಮಿಷ, ಪ್ಲೀಸ್,” ಎಂದು ಧಾರವಾಡಕ್ಕೆ, ಅಜ್ಜಿಯ ತಮ್ಮ ಹಯಗ್ರೀವ ಅಜ್ಜನಿಗೆ ಫೋನ್ ಹಚ್ಚಿದಳು. ಆರನೇ ರಿಂಗಿಗೆ ಎತ್ತಿಕೊಂಡರು.

“ಅಜ್ಜಾ, ಗುಳಿಗಿ ಖರ್ಚಾಗ್ಯಾವ ಅಂದ್ರೆ ಏನು? ಕಾಸ್ಟ್ಲಿ ಅಂತಾನಾ?”

“ಏನಾತವಾ? ಯಾಕ ಅಳ್ತಿ?”

“ಅರ್ಥ ಹೇಳಿ ಅಜ್ಜಾ, ಅರ್ಜೆಂಟ್! ದುಬಾರಿ ಅಂತಾನಾ?”

“ದುಬಾರಿ ಆಗಿದ್ರ ತುಟ್ಟಿ ಅಂತೀವಿ. ಖರ್ಚಾದುವು ಅಂದ್ರ ಮುಗದುವು, ತೀರಿದುವು, ಒಂದೂ ಉಳದಿಲ್ಲಂತ. ಅಕ್ಕಿ ಖರ್ಚಾತು, ಎಣ್ಣಿ ಖರ್ಚಾತು ಅನ್ನೂದಿಲ್ಲೇನು? ಅಕ್ಕಗ ಏನಾಗೇದ?”

“ಆಮೇಲೆ ಹೇಳ್ತೀನಿ ಅಜ್ಜಾ,” ಎಂದು ಇಟ್ಟುಬಿಟ್ಟಳು. ಅವರನ್ನು ಆ ದಿಗಿಲಿನಲ್ಲಿ ಬಿಟ್ಟದ್ದಕ್ಕೆ ನೊಂದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಭಾನುವಾರವೇ ಮಾತ್ರೆ ಮುಗಿದಿತ್ತು, ತಾನು ಆ ಮಾತನ್ನು ತಪ್ಪು ತಿಳಿದೆ ಎಂದು. ಡಾಕ್ಟರ್ ಟಾನ್ ಅವಳನ್ನೇ ನೋಡಿದಳು. “ನಡುವೆ ಯಾರಾದರೂ ಹೊಸದು ತಂದುಕೊಟ್ಟಿರಬಹುದಲ್ಲ? ಆಕೆಗೆ ಮಾತು ಬರುತ್ತಿಲ್ಲ, ಅರ್ಥವಾಗುತ್ತಿರಬಹುದು. ಕೇಳು.”

ಅಜ್ಜಿಯ ಎಡಗೈ ತಣ್ಣಗಿತ್ತು. ವರ್ಣಿಕಾ ಅದನ್ನು ಎರಡೂ ಕೈಯಲ್ಲಿ ಹಿಡಿದಳು. “ಅಜ್ಜಿ, ಹೌದು ಅಂದ್ರೆ ಕೈ ಒತ್ತಿ. ಅಲ್ಲ ಅಂದ್ರೆ ಸುಮ್ನಿರಿ. ನಾನು ವರ್ಣಿ, ಹೌದಾ?”

ಬೆರಳುಗಳು ಒತ್ತಿದವು.

“ಇದು ಧಾರವಾಡಾನಾ?”

ಕೈ ಸುಮ್ಮನಿತ್ತು.

“ಭಾನುವಾರ ನೀವು ಹೇಳಿದ್ದು... ಮಾತ್ರೆಗೆ ಜಾಸ್ತಿ ದುಡ್ಡು ಅಂತಾನಾ? ತುಟ್ಟಿ ಅಂತಾನಾ?” ಅಜ್ಜಿಯ ಕಣ್ಣು ಅವಳ ಮುಖದ ಮೇಲೇ ಇತ್ತು. ಕೈ ಅಲುಗಲಿಲ್ಲ.

“ಮುಗಿದ್ವು ಅಂತಾನಾ? ತೀರಿದ್ವು ಅಂತ?”

ಒತ್ತಿದಳು. ಉಗುರು ನಾಟುವ ಹಾಗೆ ಒತ್ತಿದಳು.

“ಡ್ಯಾಡಿ ಹೊಸದು ತಂದ್ರಾ? ಇವತ್ತು, ನಿನ್ನೆ, ಮೊನ್ನೆ... ಒಂದಾದ್ರೂ ತಗೊಂಡ್ರಾ?”

ಕೈ ಸುಮ್ಮನಿತ್ತು. ವರ್ಣಿಕಾ ಕಾದಳು. ಸುಮ್ಮನೇ ಇತ್ತು. ಬದಲಿಗೆ ಅಜ್ಜಿಯ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಮೂರು ದಿನ ಮಗ ಗುಳಿಗೆ ತರುತ್ತಾನೆಂದು ಸುಮ್ಮನೆ ಕಾದಿದ್ದಳು. ಎರಡನೇ ಸಲ ಕೇಳಲು ಸಂಕೋಚಪಟ್ಟಿದ್ದಳು.

ಡಾಕ್ಟರು ಇನ್ನೊಬ್ಬ ಡಾಕ್ಟರೊಡನೆ ಗಡಿಬಿಡಿಯಲ್ಲಿ ಎರಡು ಮಾತಾಡಿ ಬಂದಳು. “ಕೊಡುತ್ತೇವೆ. ಅಪಾಯ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ.” ಮೂರೂವರೆ ಗಂಟೆಗೆ ಇಂಜೆಕ್ಷನ್ ಶುರುವಾಯಿತು. ಆಮೇಲಿನ ಹೊತ್ತನ್ನು ವರ್ಣಿಕಾ ಪರದೆಯ ಆಚೆ ನಿಂತು ಕಳೆದಳು. ಒಳಗೆ ಯಂತ್ರ ಒಂದು ಸಲ ಜೋರಾಗಿ ಕೂಗಿದರೂ ಮೆದುಳಿನಲ್ಲಿ ರಕ್ತ ಸುರಿಯಿತೆಂದೇ ಪರದೆ ಸರಿಸಿ ಇಣುಕುತ್ತಿದ್ದಳು.

ಐದರ ಹೊತ್ತಿಗೆ ಕೇಶವ ಓಡಿ ಬಂದ. ಕೆಲಸದ ಹಳದಿ ಜಾಕೆಟ್ಟನ್ನೂ ತೆಗೆದಿರಲಿಲ್ಲ. ವರ್ಣಿಕಾ ಅವನು ಕೂರುವುದಕ್ಕೆ ಮೊದಲೇ ಎಲ್ಲ ಹೇಳಿಬಿಟ್ಟಳು. “ನನ್ನಿಂದ ಆಯ್ತು ಡ್ಯಾಡಿ. ಅಜ್ಜಿ ನಂಗೇ ಹೇಳಿದ್ರು.”

ಅಪ್ಪ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ. “ನನ್ನ ತಾಯಿ ಗುಳಿಗಿ ನಾನು ನೋಡ್ಬೇಕಾಗಿತ್ತು,” ಎಂದ. “ಬಂದಾಗಿಂದ ಒಂದಿನಾನೂ ಆ ಡಬ್ಬಿ ತೆರೆದು ನೋಡ್ಲಿಲ್ಲ ನಾನು.” ಮಗಳಿಗೆ ಅದರಿಂದ ಸಮಾಧಾನ ಆಗಲಿಲ್ಲ. ಆದರೂ ಅವನ ತೋಳಿಗೆ ಒರಗಿದಳು.

ಮರುದಿನ ಅಜ್ಜಿಯ ಬಲಗೈಯ ಬೆರಳು ಅಲುಗಿದವು. ಮೂರನೆಯ ದಿನ ಬಾಯಿ ತುಸು ನೇರವಾಯಿತು. ಇನ್ನೂ ಎಷ್ಟೋ ತಿಂಗಳ ಅಭ್ಯಾಸ ಬೇಕು, ಎಲ್ಲವೂ ಮರಳುತ್ತದೆಂದು ಯಾರೂ ಮಾತು ಕೊಡಲಾರರು ಎಂದರು ಡಾಕ್ಟರು. ವರ್ಣಿಕಾ ಹಾಸಿಗೆಯ ಪಕ್ಕದಿಂದ ಏಳುತ್ತಿರಲಿಲ್ಲ. ಅಜ್ಜಿ ಕಣ್ಣು ಮುಚ್ಚಿದರೆ ಹೊದಿಕೆ ಏರಿ ಇಳಿಯುವುದನ್ನೇ ದಿಟ್ಟಿಸುತ್ತಿದ್ದಳು. ಇಳಿದದ್ದು ಏರಲು ಕೊಂಚ ತಡವಾದರೂ ಎದ್ದು ನಿಲ್ಲುತ್ತಿದ್ದಳು.

ಹಾಗೆ ಎದ್ದು ನಿಂತಿದ್ದಾಗಲೇ ಅಜ್ಜಿ ಕಣ್ಣು ಬಿಟ್ಟಳು. ಮೊಮ್ಮಗಳನ್ನು ನೋಡಿ, ದಪ್ಪಗಾದ ನಾಲಗೆಯನ್ನು ಎಳೆದೆಳೆದು, “ಉಂ... ಡೀ?” ಎಂದಳು.

“ಉಂಡೆ ಅಜ್ಜಿ,” ಎಂದು ಸುಳ್ಳು ಹೇಳಿದಳು ವರ್ಣಿಕಾ.