ಒಂದು ‘ಹೂಂ’ನ ಅರ್ಥ

ಖಾಜಿಯವರ ಕೋಣೆಯ ಬೆಂಚಿನ ಮೇಲೆ ಅವಳು ಕೂತಿದ್ದು ಇದು ನಾಲ್ಕನೆಯ ಸಲ. ಅಲೆದು ಅಲೆದು ಚಪ್ಪಲಿ ಸವೆದಿತ್ತು, ಹೇಳಿದ್ದನ್ನೇ ಹೇಳಿ ಬಾಯೂ ಸವೆದಿತ್ತು. ಒಂಬತ್ತು ತಿಂಗಳ ಹಿಂದೆ ತಾಯಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ತವರಿಗೆ ಹೋದವಳು ಇನ್ನೂ ಅಲ್ಲೇ ಇದ್ದಳು. ಅಷ್ಟು ದಿನವೂ ಗಂಡ ಬಿಡಿಗಾಸು ಕಳಿಸಿರಲಿಲ್ಲ. ಈ ತಿಂಗಳೂ ಬಾಡಿಗೆ ಕೊಡದಿದ್ದರೆ ತಾಯಿಯನ್ನು ಮಂಚದ ಸಮೇತ ಬೀದಿಗೆ ಇಳಿಸಬೇಕಿತ್ತು.

ಗಂಡ ಗಡಿಯಾರ ರಿಪೇರಿಯವನು. ಕೆಟ್ಟವನೇನಲ್ಲ, ಕುಡಿಯುವವನಲ್ಲ, ಕೈಯೆತ್ತಿದವನಲ್ಲ. ಆದರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತನೆಂದರೆ ಮನೆಗೆ ಬೆಂಕಿ ಬಿದ್ದರೂ ತಲೆಯೆತ್ತುವ ಆಸಾಮಿಯಲ್ಲ. ಯಾರು ಏನು ಕೇಳಿದರೂ ಒಂದೇ ಉತ್ತರ: ಹೂಂ. ಹನ್ನೆರಡು ವರ್ಷ ಅವಳು ಆ ಹೂಂನ ಮೇಲೇ ಸಂಸಾರ ತೂಗಿಸಿದ್ದಳು. ಬಾಡಿಗೆ ಮನೆ ಬದಲಿಸಿದ್ದು ಹೂಂನಿಂದ, ನಾದಿನಿಗೆ ಗಂಡು ಗೊತ್ತುಮಾಡಿದ್ದೂ ಹೂಂನಿಂದ. ಆಗೆಲ್ಲ ಯಾರಿಗೂ ಅನುಮಾನ ಬಂದಿರಲಿಲ್ಲ.

“ಗಂಡನ ಒಪ್ಪಿಗೆಯಿಂದ ಹೋಗಿದ್ರೆ ಜೀವನಾಂಶ ಹೆಂಡತಿಯ ಹಕ್ಕು. ಒಪ್ಪಿಗೆ ಇಲ್ದೆ ಮನೆ ಬಿಟ್ಟಿದ್ರೆ ಇಲ್ಲ,” ಎಂದರು ಖಾಜಿಯವರು, ನಾಲ್ಕನೆಯ ಸಲ. “ಹೊರಡುವಾಗ ಏನು ಹೇಳಿದೆಯಮ್ಮಾ?”

“‘ಅಮ್ಮನ್ನ ನೋಡ್ಕೊಳ್ಳೋಕೆ ಹೋಗಿ ಬರ್ತೀನಿ, ತಡ ಆಗ್ಬಹುದು’ ಅಂದೆ. ಇವರು ಹೂಂ ಅಂದ್ರು.”

“ಅಂದಿದ್ದು ನಿಜ,” ಎಂದ ಗಂಡ. ಸುಳ್ಳು ಅವನ ಜಾಯಮಾನವಲ್ಲ. “ಆದ್ರೆ ಅದು ಕೇಳಿಸ್ತು ಅನ್ನೋ ಹೂಂ. ಒಪ್ಪಿದೆ ಅನ್ನೋ ಹೂಂ ಅಲ್ಲ.”

“ಎರಡಕ್ಕೂ ಏನಪ್ಪಾ ವ್ಯತ್ಯಾಸ? ಒಂದ್ಸಲ ಅಂದು ತೋರಿಸು.”

ಅವನು ಗಂಟಲು ಸರಿಮಾಡಿಕೊಂಡು ಎರಡು ಸಲ ಹೂಂ ಅಂದ. ಎರಡೂ ಅವಳಿ ಜವಳಿ. ಮೂಲೆಯಲ್ಲಿದ್ದ ಗುಮಾಸ್ತ ನಗು ತಡೆಯಲಾರದೆ ಕೆಮ್ಮಿದ. ಅವಳಿಗೆ ನಗು ಬರಲಿಲ್ಲ. ತಾಯಿಯನ್ನು ಮಗ್ಗುಲು ಹೊರಳಿಸಿ ಹೊರಳಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಇಲ್ಲಿ ನೋಡಿದರೆ ಇವರು ರಾಗ ಪರೀಕ್ಷೆ ನಡೆಸುತ್ತಿದ್ದರು.

“ಬರೀ ಹೂಂ ಅಂದಿದ್ದನ್ನ ಒಪ್ಪಿಗೆ ಅಂತ ಹೇಗೆ ಬರ್ಕೊಳ್ಳಲಮ್ಮಾ?” ಖಾಜಿಯವರು ಪೆನ್ನು ಕೆಳಗಿಟ್ಟರು.

“ಸಾಹೇಬ್ರೇ, ನನ್ನ ನಿಕಾಹ್ ಓದಿದ್ದು ನೀವೇ. ಪರದೆ ಆಚೆಯಿಂದ ‘ಒಪ್ಪಿಗೆನಾ’ ಅಂತ ಮೂರು ಸಲ ಕೇಳಿಸಿದ್ರಿ. ಎರಡು ಸಲ ಬಾಯೇ ಬರ್ಲಿಲ್ಲ. ಮೂರನೇ ಸಲ ಅಕ್ಕ ತಿವಿದ್ಲು, ಹೂಂ ಅಂದೆ. ಅಷ್ಟೇ. ಅದು ಕೇಳಿಸ್ತು ಅನ್ನೋ ಹೂಂನಾ, ಒಪ್ಪಿದೆ ಅನ್ನೋ ಹೂಂನಾ ಅಂತ ಯಾರೂ ಕೇಳ್ಲಿಲ್ಲ.”

ಖಾಜಿಯವರು ಕೆಳಗಿಟ್ಟ ಪೆನ್ನು ಎತ್ತಿಕೊಂಡರು.

“ಒಪ್ಪಿಗೆ ಇತ್ತು. ಒಂಬತ್ತು ತಿಂಗಳದ್ದೂ ಕೊಡಬೇಕು.”

ಗಂಡನ ಮುಖ ಕಪ್ಪಿಟ್ಟಿತು. “ಕೊಡ್ತೀನಿ. ಆದ್ರೆ ಇನ್ಮೇಲೆ ಒಪ್ಪಿಗೆ ಇಲ್ಲ. ಇವತ್ತೇ ಮನೆಗೆ ಬರ್ಲಿ.”

“ಹೋಗ್ತೀಯೇನಮ್ಮಾ?” ಖಾಜಿಯವರ ದನಿ ಇಳಿದಿತ್ತು. “ಹೋಗದಿದ್ರೆ ಮುಂದಿನದು ನಿಂತುಹೋಗುತ್ತೆ.”

ಮೂವರೂ ಅವಳ ಮುಖ ನೋಡಿದರು. ಬಾಡಿಗೆಯ ಚಿಂತೆ ಇವತ್ತಿಗೆ ಕಳೆದಿತ್ತು; ಬರುವ ತಿಂಗಳು ಮತ್ತೆ ಬಾಗಿಲಿಗೇ ಬರುತ್ತಿತ್ತು. ಮಾತು ಸಾಕಾಗಿತ್ತು ಅವಳಿಗೆ. ಆದರೆ ಸುಮ್ಮನಿದ್ದರೆ ಅದನ್ನೂ ಒಪ್ಪಿಗೆಯೆಂದೇ ಬರೆದುಕೊಂಡಾರು.

“ಅಮ್ಮ ಇರೋವರೆಗೂ ಇಲ್ಲ,” ಎಂದಳು. “ಇಲ್ಲ ಅಂತಾನೇ ಬರ್ಕೊಳ್ಳಿ.”