ಐದನೇ ಭಾಗದ ಗಿಡಗಳು

ಅಮ್ಮತ್ತಿಯಲ್ಲಿ ಬಸ್ಸಿಳಿದು ಕಾಫಿ ಪ್ರಯೋಗ ತೋಟದ ದಾರಿ ಹಿಡಿದಾಗ ಯಮುನಳ ಚೀಲ ಹಗುರವಾಗಿತ್ತು. ಮಡಿಕೇರಿಗೆ ಹೋಗುವಾಗ ಅದರಲ್ಲಿ ನೂರ ನಲವತ್ತೆರಡು ಹಾಳೆಗಳ ವರದಿಯೂ ಅದರ ಎರಡು ಕಾರ್ಬನ್ ಪ್ರತಿಗಳೂ ಇದ್ದವು. ಎರಡು ದಿನ ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ವರದಿಗೆ ರಟ್ಟು ಕಟ್ಟಿಸಿ, ಸರ್ಕಾರಿ ಕಚೇರಿಗೆ ಒಪ್ಪಿಸಿ ಬಂದಿದ್ದಳು. ಬೆಂಗಳೂರಿನ ಸಮಿತಿ ಅದನ್ನು ಓದಿ ಒಪ್ಪಿದರೆ ಮೂವತ್ತೊಂದು ತಾಯಿಗಿಡಗಳ ಬೀಜ ಕೊಡಗಿನ ತೋಟಗಳಿಗೆಲ್ಲ ಹೋಗುತ್ತಿತ್ತು.

ಆ ಗಿಡಗಳಿಗೆ ಹನ್ನೊಂದು ವರ್ಷದಿಂದ ಎಲೆತುಕ್ಕು ರೋಗ ಬಂದಿರಲಿಲ್ಲ. ಬೆಳೆಗಾರರು ಸೇರಿ ನಡೆಸುತ್ತಿದ್ದ ಆ ತೋಟದಲ್ಲಿ ಸಾವಿರಾರು ಗಿಡಗಳ ನಡುವಿನಿಂದ ಅವನ್ನು ಒಂದೊಂದಾಗಿ ಆರಿಸಿದವರು ಮೇಲ್ವಿಚಾರಕ ಮೊಣ್ಣಪ್ಪನವರು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಂದ ಯಮುನ ನಾಲ್ಕು ವರ್ಷದಿಂದ ಅವುಗಳ ಲೆಕ್ಕ ಇಡುತ್ತಿದ್ದಳು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರನೇ ವರ್ಷ ಅದು. ಹೊಸ ಸರ್ಕಾರಕ್ಕೆ ಹೋಗುವ ಮೊದಲ ದೊಡ್ಡ ವರದಿಯಲ್ಲಿ ಒಂದು ಅಂಕಿಯೂ ತಪ್ಪಬಾರದೆಂದು ಮೊಣ್ಣಪ್ಪ ಹೇಳಿದ್ದರು.

ಹಾಗೆ ಹೇಳುವ ಅಗತ್ಯವಿರಲಿಲ್ಲ. ವರದಿಯನ್ನು ಅವಳು ಎಂಟು ಭಾಗ ಮಾಡಿ, ಭಾಗಕ್ಕೊಂದು ರಟ್ಟಿನ ಫೈಲು ಇಟ್ಟು, ಬೆನ್ನ ಮೇಲೆ ಭಾಗದ ಸಂಖ್ಯೆಯ ಚೀಟಿ ಅಂಟಿಸಿದ್ದಳು. ನಡುವೆ ಹಾಳೆ ಸೇರಿಸಬೇಕಾದರೆ ಮುಂದಿನದ್ದೆಲ್ಲ ತಿದ್ದುವ ಪಾಡು ಬೇಡವೆಂದು ಪ್ರತಿ ಭಾಗಕ್ಕೂ ಪುಟಸಂಖ್ಯೆ ಒಂದರಿಂದ ಹಾಕಿದ್ದಳು. 'ಇಂಥ ಭಾಗ ನೋಡಿ' ಎಂದು ಎಲ್ಲೆಲ್ಲಿ ಬಂದಿದೆಯೋ ಅದಕ್ಕೊಂದು ನೋಟ್‌ಬುಕ್ಕೇ ಇತ್ತು. ಯಮುನಮ್ಮನನ್ನು ಕೇಳದೆ ಕಚೇರಿ ಕೋಣೆಯಲ್ಲಿ ಹಾಳೆ ಗಾಳಿಗೂ ಹಾರುವುದಿಲ್ಲ ಎಂದು ತೋಟದ ಗುಮಾಸ್ತ, ರೈಟರ್ ನಾಣಯ್ಯ ಹಾಸ್ಯ ಮಾಡುತ್ತಿದ್ದ. ವರದಿ ಮುಗಿಯಲು ಒಂದು ವಾರವಿದೆ ಎನ್ನುವಾಗ ಮಳೆಯ ವಿವರವೂ ಬೇಕೆಂದು ಸಮಿತಿಯಿಂದ ಕಾಗದ ಬಂತು. ಅದು ಮೂರನೇ ಭಾಗವಾಯಿತು. ಹಿಂದಿನ ಮೂರು ನಾಲ್ಕಾಯಿತು, ನಾಲ್ಕು ಐದಾಯಿತು, ಐದು ಆರಾಯಿತು. ನೋಟ್‌ಬುಕ್ ನೋಡಿಕೊಂಡು ಅರವತ್ತಮೂರು ಕಡೆ ಅಳಿಸಿ ತಿದ್ದಿದಳು. ಒಂದೂ ಬಿಟ್ಟುಹೋಗಿರಲಿಲ್ಲ.

ತೋಟದ ಗೇಟು ದಾಟುವಾಗ ಹಸಿಕಟ್ಟಿಗೆಯ ಹೊಗೆ ಮೂಗಿಗೆ ಬಡಿಯಿತು. ಕಾಂಡಕೊರಕ ಹುಳು ಹೊಕ್ಕ ಗಿಡಗಳನ್ನು ಕಿತ್ತು ಸುಡುವ ಕೆಲಸ ಕೊನೆಗೂ ಶುರುವಾಗಿದೆ ಎಂದು ಸಮಾಧಾನವಾಯಿತು. ಏಪ್ರಿಲ್ ಮಳೆಗೆ ಹುಳು ದುಂಬಿಯಾಗಿ ಹೊರಬಿದ್ದು ಹಾರುವ ಮೊದಲೇ ಅದು ಮುಗಿಯಬೇಕಿತ್ತು. ಆದರೆ ಹೊಗೆ ಏಳುತ್ತಿದ್ದದ್ದು ಕೆಳಗಿನ ಹೊಳೆಬದಿಯಿಂದಲ್ಲ, ಮೇಲಿನ ಇಳಿಜಾರಿನಿಂದ. ರೋಗದ ಗಿಡಗಳಿದ್ದದ್ದು ಹೊಳೆಬದಿಯಲ್ಲಿ. ಅವಳ ಹೆಜ್ಜೆ ತಾನಾಗಿ ಬಿರುಸಾಯಿತು.

ಇಳಿಜಾರಿನಲ್ಲಿ ಸಾಲಾಗಿ ಗುಂಡಿಗಳಿದ್ದವು. ಹೊಸ ಮಣ್ಣು ಕೆಂಪಗೆ ಬಾಯಿ ಬಿಟ್ಟಿತ್ತು. ಅವಳು ಎಣಿಸಲಿಲ್ಲ, ಎಣಿಸಬೇಕಾಗಿರಲಿಲ್ಲ; ಮೂವತ್ತೊಂದು ತಾಯಿಗಿಡಗಳು ನಿಂತಿದ್ದ ಜಾಗ ಅದು. ಆಚೆ ಬೆಂಕಿಯ ಮೇಲೆ ಕೊನೆಯ ನಾಲ್ಕೈದು ಗಿಡಗಳು ಬಿದ್ದಿದ್ದವು. ಕಾಫಿ ಅರಳಿಸುವ ಹೂಮಳೆ ಬಿದ್ದು ಒಂಬತ್ತನೇ ದಿನ. ಕೊಂಬೆಗಳ ತುಂಬ ಬಿಳಿ ಹೂ ಇತ್ತು. ಹೂ ಮೊದಲು ಕಂದಿ, ಮುದುಡಿ, ಆಮೇಲೆ ಉರಿಯುತ್ತಿತ್ತು. ಮಲ್ಲಿಗೆಯಂಥ ಆ ವಾಸನೆ ಹೊಗೆಯೊಳಗೂ ಬರುತ್ತಿತ್ತು.

ಬೆಂಕಿಯ ಪಕ್ಕ ಚೋಮ ನಿಂತಿದ್ದ. ಗಿಡ ಕೀಳುವ ಗುಂಪಿನ ಹಿರಿಯ ಅವನು. ಹನ್ನೊಂದು ವರ್ಷವೂ ಆ ಗಿಡಗಳ ಬುಡ ಬಿಡಿಸಿದವನು. ಅವಳನ್ನು ಕಂಡು ತಲೆಯ ಬಟ್ಟೆ ತೆಗೆದ. ಅವಳು ಗುಂಡಿಗಳ ಕಡೆ ಕೈ ತೋರಿಸಿದಳು.

"ಎರಡು ಗಿಡ ಸೀಳಿ ನೋಡಿದೆ ಅಮ್ಮ," ಎಂದ ಚೋಮ. "ಹುಳ ಇರ್ಲಿಲ್ಲ. ರೈಟರಿಗೆ ಹೇಳ್ದೆ. ಅವರು ಟೈಪ್ ಮಾಡಿದ ಕಾಗದ ತೋರ್ಸಿದ್ರು. ಹೊರಗೆ ಚೆಂದ ಕಂಡ್ರೂ ಒಳಗೆ ಇರ್ತದೆ, ಕಣ್ಣನ್ನ ನಂಬ್ಬೇಡ ಅಂತ ನೀವೇ ಕಲ್ಸಿದ್ರಲ್ಲ."

ಕಲಿಸಿದ್ದು ನಿಜ. ಹಿಂದಿನ ವರ್ಷ ಹೊಳೆಬದಿಯಲ್ಲಿ, ಹಸುರಾಗಿದ್ದ ಒಂದು ಗಿಡವನ್ನು ಕೀಳಲು ಚೋಮ ಒಪ್ಪದಿದ್ದಾಗ, ಅವಳೇ ಕತ್ತಿ ಹಿಡಿದು ಕಾಂಡ ಸೀಳಿ ಒಳಗಿನ ಸುರಂಗ ತೋರಿಸಿದ್ದಳು. ಆ ದಿನ ಅವಳಿಗೆ ಹೆಮ್ಮೆಯಾಗಿತ್ತು.

ನಾಣಯ್ಯ ಕಚೇರಿಯಿಂದ ಓಡುತ್ತಾ ಬಂದ. ಅವಳ ಮುಖ ನೋಡಿಯೇ ಏನೋ ಕೆಟ್ಟಿದೆ ಎಂದು ತಿಳಿದಿರಬೇಕು. ಕೇಳುವ ಮೊದಲೇ ಜೇಬಿನಿಂದ ಎರಡು ಕಾಗದ ತೆಗೆದು ಅವಳ ಕೈಗಿಟ್ಟ. ಒಂದು, ಕಚೇರಿಯಲ್ಲೇ ಉಳಿದಿದ್ದ ಐದನೇ ಫೈಲಿನಿಂದ ತೆಗೆದ ಪಟ್ಟಿಯ ಮೂರನೇ ಕಾರ್ಬನ್ ಪ್ರತಿ. ಅದರಲ್ಲಿ ಬರೀ ಅಂಕಿಗಳಿದ್ದವು: ತೋಟದ ತುಂಡು, ಸಾಲು, ಗಿಡದ ನಂಬರು. ಕಾಗದ ಉಳಿಸಲೆಂದು ಭಾಗದ ಹೆಸರನ್ನು ಅವಳು ಮೊದಲ ಹಾಳೆಯಲ್ಲಿ ಮಾತ್ರ ಹೊಡೆದಿದ್ದಳು. ಇನ್ನೊಂದು, ಮಾರ್ಚ್ ಎರಡನೇ ತಾರೀಕಿನ ಚೀಟಿ. 'ಭಾಗ ೫ರ ಪಟ್ಟಿಯಲ್ಲಿರುವ ಗಿಡಗಳನ್ನು ಬುಡಸಹಿತ ಕಿತ್ತು ಸುಡುವುದು.' ಕೆಳಗೆ ಮೊಣ್ಣಪ್ಪನವರ ಸಹಿ. ಅಕ್ಷರ ಅವಳದ್ದು.

"ರೊಬಸ್ಟ ಪಿಕ್ಕಿಂಗ್ ಮುಗೀಲಿ ಅಂತ ಚೀಟಿನ ಇಟ್ಟ್‌ಕೊಂಡಿದ್ದೆ ಯಮುನಮ್ಮ," ಎಂದ ನಾಣಯ್ಯ. "ನಿನ್ನೆ ಆಳು ಸಿಕ್ಕಿದೊ. ಐದ್ ಅಂತ ಇತ್ತ್, ಐದನೇದ್ದೇ ತೆಗ್ದೆ."

ಮಾರ್ಚ್ ಎರಡರಂದು ಐದನೇ ಭಾಗ ರೋಗದ ಗಿಡಗಳದ್ದಾಗಿತ್ತು. ಹತ್ತನೇ ತಾರೀಕು ಮಳೆಯ ಭಾಗ ಸೇರಿದ ಮೇಲೆ ತಾಯಿಗಿಡಗಳು ಐದಕ್ಕೂ ರೋಗದ ಗಿಡಗಳು ಆರಕ್ಕೂ ಬಂದವು. ಅರವತ್ತಮೂರು ಕಡೆ ಅವಳು ತಿದ್ದಿದಳು. ಅರವತ್ತನಾಲ್ಕನೆಯದು ವರದಿಯ ಹೊರಗೆ, ನಾಣಯ್ಯನ ಜೇಬಿನಲ್ಲಿತ್ತು.

ಅವಳು ಅಲ್ಲೇ ಮಣ್ಣಿನ ಮೇಲೆ ಕುಳಿತಳು. ಅಂಕಿಗಳು ಒಂದರ ಮೇಲೊಂದು ಬಂದವು: ಹನ್ನೊಂದು ವರ್ಷ, ಮೂವತ್ತೊಂದು ಗಿಡ, ಎರಡು ದಿನ. ಎಷ್ಟು ಸಲ ಕೂಡಿದರೂ ಅವು ಒಂದಕ್ಕೊಂದು ಹೊಂದಲಿಲ್ಲ.

ಮೊಣ್ಣಪ್ಪನವರು ಸಂಜೆ ನಾಲ್ಕಕ್ಕೆ ವಿರಾಜಪೇಟೆಯಿಂದ ಬಂದರು. ಇಳಿಜಾರಿಗೆ ಹೋಗಿ, ನೋಡಿ, ಕಚೇರಿಗೆ ಬಂದು ಕುಳಿತರು. ಬೈಯುತ್ತಾರೆಂದು ನಾಣಯ್ಯ ಬಾಗಿಲ ಹೊರಗೇ ನಿಂತಿದ್ದ. ಅವರು ಬೈಯಲಿಲ್ಲ. ಮೇಜಿನ ಮೇಲಿನ ಐದನೇ, ಆರನೇ ಫೈಲುಗಳನ್ನು ತೆರೆದು ನೋಡಿದರು. ಆಮೇಲೆ, ವರದಿ ಸಮಿತಿಗೆ ಹೋಗಲು ಇನ್ನೂ ನಾಲ್ಕು ದಿನವಿದೆ, ತಿದ್ದುವುದಿದೆಯೆಂದು ವಾಪಸು ತರಬಹುದು ಎಂದು ಮೆಲ್ಲಗೆ ಹೇಳಿದರು.

"ಐದರ ಪಟ್ಟಿಯನ್ನ ಆರಕ್ಕೆ ಸೇರಿಸಿಬಿಡು ಯಮುನ. ಕೊರಕ ಹೊಕ್ಕಿತ್ತು, ಕಿತ್ತೆವು. ಐದರಲ್ಲಿ ಹಳೇ ಲೆಕ್ಕ ಮಾತ್ರ ಇರಲಿ. ಎರಡು ಹಾಳೆ ಬದಲಾದರೆ ಸಾಕು. ಯಾರ ತಲೆಯೂ ಉರುಳುವುದಿಲ್ಲ."

ಅವಳು ಅವರ ಮುಖ ನೋಡಿದಳು. ಒಂದು ಎಲೆಯ ಅಳತೆ ಕಾಲಿಂಚು ತಪ್ಪಿದರೆ ಪುಟವನ್ನೇ ಹರಿದುಹಾಕುತ್ತಿದ್ದ ಮನುಷ್ಯ. ಅವಳಿಗೆ ಭಯ ಹುಟ್ಟಿಸಿದ್ದು, ಅದು ಎಷ್ಟು ಸುಲಭ ಎಂಬುದು. ಅವಳೇ ಮಾಡಿಟ್ಟ ವ್ಯವಸ್ಥೆ. ಮೂವತ್ತೊಂದು ಸಾಲು ಆ ಫೈಲಿನಿಂದ ಈ ಫೈಲಿಗೆ ಹೋದರೆ ವರದಿಯಲ್ಲಿ ಒಂದು ಬಿರುಕೂ ಕಾಣುತ್ತಿರಲಿಲ್ಲ.

"ಶ್ರೀಮಂಗಲಕ್ಕೆ ಕೊಟ್ಟ ಸಸಿ ಇದಾವಲ್ಲ ಸರ್, ಅದೇ ಗಿಡಗಳ ಬೀಜದ್ದು, ಇನ್ನೂರು," ಎಂದಳು. "ಮೂವತ್ತೊಂದಕ್ಕೆ ಮೂವತ್ತೊಂದೂ ಕೊರಕಕ್ಕೆ ಸತ್ತವು ಅಂತ ಓದಿದರೆ, ಈ ತಳಿಗೆ ಕೊರಕ ಹತ್ತುತ್ತೆ ಅಂತ ಅಲ್ಲಿ ಅದನ್ನೂ ಕೀಳ್ತಾರೆ."

ಮೊಣ್ಣಪ್ಪ ಕಣ್ಣು ಮುಚ್ಚಿಕೊಂಡರು. ಆ ಸಸಿಗಳ ನೆನಪೇ ಅವರಿಗೆ ಆಗಿರಲಿಲ್ಲವೆಂದು ಅವಳಿಗೆ ಆಗ ತಿಳಿಯಿತು.

ಅವಳು ಟೈಪ್‌ರೈಟರಿಗೆ ಹಾಳೆ ಏರಿಸಿದಳು. ಮೊದಲ ಸಾಲು ಎರಡು ಸಲ ಕೆಟ್ಟಿತು. ಮೂರನೇ ಹಾಳೆಯಲ್ಲಿ, ಐದನೇ ಭಾಗದ ಗಿಡಗಳೆಲ್ಲ ಆರೋಗ್ಯವಾಗಿದ್ದಾಗಲೇ ತಪ್ಪಾಗಿ ಕೀಳಲ್ಪಟ್ಟವೆಂದೂ, ಭಾಗದ ಸಂಖ್ಯೆ ಬದಲಾದ ಮೇಲೆ ಹಳೆಯ ಚೀಟಿಯನ್ನು ಹಿಂದಕ್ಕೆ ಪಡೆಯದಿದ್ದದ್ದು ತನ್ನ ತಪ್ಪೆಂದೂ, ಈಗ ಉಳಿದಿರುವುದು ಶ್ರೀಮಂಗಲದ ಇನ್ನೂರು ಸಸಿಗಳು ಮಾತ್ರ, ಅವನ್ನು ಕಾಪಾಡಬೇಕೆಂದೂ ಬರೆದು ಹೆಸರು ಹಾಕಿದಳು. ಮೊಣ್ಣಪ್ಪ ಎರಡು ಸಲ ಓದಿದರು. ಚೀಟಿಗೆ ಸಹಿ ಹಾಕಿದವನ ಹೆಸರು ಇಲ್ಲವಲ್ಲ ಎಂದು ಗೊಣಗಿ, ಪೆನ್ನು ತೆಗೆದು ಅವಳ ಹೆಸರಿನ ಕೆಳಗೆ ತಮ್ಮದನ್ನೂ ಬರೆದರು.

ಮರುದಿನ ಬೆಳಿಗ್ಗೆ ಚೋಮನ ಗುಂಪು ಗುದ್ದಲಿ ಹಿಡಿದು ಕಚೇರಿಯ ಮುಂದೆ ನಿಂತಿತ್ತು. ರೋಗದ ಗಿಡಗಳು ಹೊಳೆಬದಿಯಲ್ಲಿ ಹಾಗೇ ಇದ್ದವು, ದುಂಬಿ ಹಾರಲು ಇದ್ದದ್ದು ಮೂರೇ ವಾರ. ಯಮುನ ಪಟ್ಟಿ ಹಿಡಿದು ತಾನೇ ಅವರ ಜೊತೆ ಹೋದಳು.

ಮೊದಲ ಗಿಡದ ಬುಡದಲ್ಲಿ ಚೋಮ ನಿಂತ. ಗುದ್ದಲಿ ಎತ್ತಲಿಲ್ಲ.

"ಇದಾ ಅಮ್ಮ?"

ಅವಳು ಗಿಡಕ್ಕೆ ಕಟ್ಟಿದ ತಗಡಿನ ನಂಬರು ಓದಿದಳು. ಪಟ್ಟಿ ನೋಡಿದಳು. ಬಗ್ಗಿ ಕಾಂಡದ ಮೇಲೆ ಬೆರಳಾಡಿಸಿದಳು. ತೊಗಟೆಯ ಕೆಳಗೆ ಏಣುಗಳು ಎದ್ದಿದ್ದವು, ಹಳದಿ ಎಲೆಗಳು ಜೋತುಬಿದ್ದಿದ್ದವು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಆದರೂ ಮತ್ತೆ ನಂಬರು ಓದಿದಳು, ಮತ್ತೆ ಪಟ್ಟಿ ನೋಡಿದಳು. ಗುಂಪಿನಲ್ಲಿ ಯಾರೂ ಅವಳನ್ನು ಅವಸರಪಡಿಸಲಿಲ್ಲ.

"ಹೌದು," ಎಂದಳು ಕೊನೆಗೆ. "ಕೀಳು."

ಚೋಮ ಆಗಲೂ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕತ್ತಿಯಿಂದ ಕಾಂಡಕ್ಕೊಂದು ಗೀರು ಹಾಕಿ, ಸೀಳಿ, ಒಳಗಿದ್ದ ಹುಳುವನ್ನು ತಾನು ನೋಡಿ, ಅವಳಿಗೂ ತೋರಿಸಿ, ಗುದ್ದಲಿ ಎತ್ತಿದ.